ಓದುಗರ ಪ್ರಶ್ನೆ: ಭೂವೈಜ್ಞಾನಿಕ ನಕ್ಷೆ ಹಿಡಿದು ಬಂಗಾರ ಹುಡುಕಬಹುದೇ?

ಪ್ರಶ್ನೆ: ಅಡಿಕೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದಲ್ಲಿ ಬಿಳಿ ಬೆಣಚುಕಲ್ಲು ಹೇರಳವಾಗಿದೆ. ಮೆಟಲ್ ಡಿಟೆಕ್ಟರ್ ಕೊಳ್ಳುವ ಯೋಚನೆಯಿದೆ. ಭೂವೈಜ್ಞಾನಿಕ ನಕ್ಷೆ ನೋಡಿ ಬಂಗಾರದ ಜಾಗ ಗುರುತಿಸುವುದು ಹೇಗೆ?
– ಓದುಗರು, ಶಿರಸಿ

ಉತ್ತರ: ನಕ್ಷೆಯಲ್ಲಿ ಬಂಗಾರ ಕಾಣುವುದಿಲ್ಲ. ಬಂಗಾರ ಕೂರಲು ತಕ್ಕ ಕಲ್ಲು ಎಲ್ಲಿದೆ, ಎಲ್ಲಿಲ್ಲ ಎಂಬುದು ಕಾಣುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಟ್ಟಿಗೆ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಬಹುಪಾಲು ಜಾಗವನ್ನು ಮನೆಯಲ್ಲಿ ಕುಳಿತೇ ಕೈಬಿಡಬಹುದು.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ‘ಭೂಕೋಶ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿದರೆ 1:50,000 ಪ್ರಮಾಣದ ನಕ್ಷೆ ಸಿಗುತ್ತದೆ. ಶಿರಸಿ ಪಟ್ಟಣ 48 ಜೆ/14 ಹಾಳೆಯಲ್ಲಿದೆ, ಕಾರವಾರ 48 ಜೆ/1ರಲ್ಲಿ. ಈ ಪ್ರಮಾಣದಲ್ಲಿ 1 ಸೆಂ.ಮೀ. ಎಂದರೆ ನೆಲದ ಮೇಲೆ 500 ಮೀಟರ್. ಎರಡು ಬಗೆಯ ಕಲ್ಲು ಕೂಡುವಲ್ಲಿ ಎಳೆದ ಅರ್ಧ ಮಿ.ಮೀ. ಗೆರೆಯೇ 25 ಮೀಟರ್ ಅಗಲವಾಯಿತು. ಕಾಡು, ಜಂಬಿಟ್ಟಿಗೆ ಮುಚ್ಚಿದ ಕಡೆ ಆ ಗೆರೆಯೂ ಅಂದಾಜಿನದು. ಅಂಥಲ್ಲಿ ಅದನ್ನು ತುಂಡು ತುಂಡಾಗಿ ಎಳೆದಿರುತ್ತಾರೆ. ಇನ್ನೊಂದು ತೊಡಕು: ಹಳೆಯ ಟೋಪೋ (ಬೆಟ್ಟ, ಹಳ್ಳ, ದಾರಿ ತೋರಿಸುವ ನಕ್ಷೆ) ಹಾಳೆಗಳ ಅಳತೆಯ ಆಧಾರ ಬೇರೆ, ಮೊಬೈಲ್ ಜಿಪಿಎಸ್‌ನ ಆಧಾರ ಬೇರೆ. ಒಂದರ ಮೇಲೊಂದು ಇಟ್ಟರೆ ಜಾಗ ಸುಮಾರು ನೂರು ಮೀಟರ್ ಜಾರುವುದುಂಟು. ಸೇತುವೆಯನ್ನೋ ಹಳ್ಳಗಳ ಕೂಡಿಕೆಯನ್ನೋ ಎರಡರಲ್ಲೂ ಹೊಂದಿಸಿಕೊಂಡ ಮೇಲೆಯೇ ಮುಂದಿನ ಕೆಲಸ.

ಮೊದಲು ಬಣ್ಣಗಳ ಸೂಚಿ ಓದಿ. ಕರಾವಳಿಯಲ್ಲಿ ಗ್ರಾನೈಟ್, ನೈಸ್ (ಪಟ್ಟೆ ಪಟ್ಟೆಯ ಗಟ್ಟಿ ಕಲ್ಲು) ಹೆಚ್ಚು. ಘಟ್ಟ ಹತ್ತಿ ಪೂರ್ವಕ್ಕೆ ಹೋದಂತೆ ಧಾರವಾಡ ಶಿಲಾಸಮೂಹದ ಗ್ರೇವ್ಯಾಕ್ (ಜೇಡಿ ಬೆರೆತ ಮರಳುಗಲ್ಲು), ಶಿಸ್ಟ್ (ಪದರ ಪದರವಾದ ಕಲ್ಲು) ಬರುತ್ತವೆ. ಕರ್ನಾಟಕದ ಬಂಗಾರ, ಕೋಲಾರವಿರಲಿ ಹಟ್ಟಿಯಿರಲಿ ಗದಗವಿರಲಿ, ಶಿಸ್ಟ್ ಪಟ್ಟಿಗಳದ್ದು. ನಿಮಗೆ ಹತ್ತಿರದ ಉದಾಹರಣೆ ಹಾವೇರಿ ತಾಲ್ಲೂಕಿನ ಗಣಜೂರು. ಅಲ್ಲಿ ಬಂಗಾರ ಇರುವುದು ಗ್ರೇವ್ಯಾಕ್ ನಡುವಿನ ಕಬ್ಬಿಣಯುಕ್ತ ಪಟ್ಟೆಕಲ್ಲಿನಲ್ಲಿ, ಗಂಧಕದ ಖನಿಜಗಳ ಜೊತೆ. ಹಾಗಾಗಿ ಅಗಲವಾದ ಒಂದೇ ಬಣ್ಣದ ಹರವನ್ನು ಬಿಟ್ಟು, ಕಬ್ಬಿಣದ ಪಟ್ಟೆಕಲ್ಲಿನ ಸಣ್ಣ ಎಳೆ ಎಲ್ಲಿದೆ, ಅದನ್ನು ಸ್ತರಭಂಗದ (ಕಲ್ಲು ಸೀಳಿ ಸರಿದ ಜಾಗದ) ಅಥವಾ ಕಲ್ಲು ಜಗ್ಗಿ ಅರೆದುಹೋದ ವಲಯದ ಗೆರೆ ಎಲ್ಲಿ ದಾಟುತ್ತದೆ ಎಂದು ನೋಡಿ. ಬಂಗಾರವನ್ನು ಕರಗಿಸಿಕೊಂಡ ಬಿಸಿನೀರು ನೆಲದಾಳದಿಂದ ಏರಿ ಬಂದದ್ದು ಆ ಬಿರುಕುಗಳಲ್ಲಿ. ಕಬ್ಬಿಣ ಆ ನೀರಿನ ಗಂಧಕವನ್ನು ಹಿಡಿದುಕೊಂಡಾಗ ಬಂಗಾರ ಅಲ್ಲೇ ಉಳಿಯಿತು. ಬೆಣಚುಕಲ್ಲು ಮಾತ್ರ ಇದ್ದರೆ ಅದಕ್ಕೆ ಅರ್ಥವಿಲ್ಲ, ಬರಡು ಬೆಣಚು ಎಲ್ಲ ಕಡೆಯೂ ಸಿಗುತ್ತದೆ. ಒಡೆದಾಗ ತುಕ್ಕು ಹಿಡಿದ ಚೌಕಾಕಾರದ ಸಣ್ಣ ಗುಳಿಗಳು ಕಂಡರೆ, ಅಲ್ಲಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಹಳದಿ ಹೊಳಪಿನ ಖನಿಜ) ಇದ್ದು ಕರಗಿಹೋಗಿದೆ ಎಂದು ತಿಳಿಯಬಹುದು. ಗಮನ ಕೊಡಬೇಕಾದದ್ದು ಅಂಥ ಬೆಣಚಿಗೆ.

ಆಮೇಲೆ ಅದೇ ಸಂಸ್ಥೆಯ ಭೂರಾಸಾಯನಿಕ ಮಾಹಿತಿ ತೆಗೆಯಿರಿ. ಎರಡು ಕಿ.ಮೀ. ಉದ್ದಗಲದ ಚೌಕಕ್ಕೊಂದರಂತೆ ಹಳ್ಳದ ಮಣ್ಣಿನ ಮಾದರಿ ಪರೀಕ್ಷಿಸಿದ ಅಂಕಿಗಳು ಅಲ್ಲಿರುತ್ತವೆ. ಹೆಚ್ಚಿನವರು ತಪ್ಪುವುದು ಇಲ್ಲಿಯೇ: ನಕ್ಷೆಯಲ್ಲಿ ಬಂಗಾರದ ಅಂಕಿ ಹೆಚ್ಚಿರುವ ಚುಕ್ಕಿಯ ಸುತ್ತ ಹುಡುಕುತ್ತಾರೆ. ಆ ಮಣ್ಣು ಬಂದದ್ದು ಮೇಲಿನಿಂದ, ಆದ್ದರಿಂದ ಹಳ್ಳದ ಹುಟ್ಟಿನ ಕಡೆಗೇ ನೋಡಬೇಕು. ಬಂಗಾರದ ಜೊತೆ ಆರ್ಸೆನಿಕ್ ಅಂಕಿಯೂ ಏರಿದ್ದರೆ, ಪಕ್ಕದ ಚೌಕದಲ್ಲೂ ಹಾಗೆಯೇ ಇದ್ದರೆ ಆ ಸುಳಿವಿಗೆ ಬೆಲೆಯಿದೆ. ಒಂಟಿ ಚುಕ್ಕಿಯನ್ನು ನಂಬಬೇಡಿ.

ಡಿಟೆಕ್ಟರ್ ವಿಷಯದಲ್ಲಿ ನಮ್ಮ ಸಲಹೆ: ಕೊಳ್ಳಬೇಡಿ. ನಮ್ಮ ನಾಡಿನ ಬಂಗಾರ ಬಹುಪಾಲು ಕಲ್ಲಿನೊಳಗೆ ಕಣ್ಣಿಗೆ ಕಾಣದ ಕಣವಾಗಿ, ಟನ್ನಿಗೆ ಕೆಲವೇ ಗ್ರಾಂ ಇರುತ್ತದೆ. ಡಿಟೆಕ್ಟರ್ ಹಿಡಿಯುವುದು ಗಟ್ಟಿ ತುಣುಕನ್ನು. ಹರಡಿಹೋದ ಪುಡಿಗೆ ಅದು ಸದ್ದು ಮಾಡುವುದೇ ಇಲ್ಲ. ಜಂಬಿಟ್ಟಿಗೆ ನೆಲ ಇನ್ನೊಂದು ಅಡ್ಡಿ. ಅದರ ಕೆಂಪು ಹರಳುಗಳಲ್ಲಿ ಮ್ಯಾಗ್ಹಮೈಟ್ ಎಂಬ ಕಾಂತೀಯ ಖನಿಜ ಇರುವುದುಂಟು. ಅಲ್ಲಿ ಸಾಮಾನ್ಯ ವಿಎಲ್‌ಎಫ್ (ಕಡಿಮೆ ಕಂಪನಾಂಕದ ಡಿಟೆಕ್ಟರ್) ಯಂತ್ರ ಹೆಜ್ಜೆಹೆಜ್ಜೆಗೂ ಕೂಗುತ್ತದೆ. ಯಂತ್ರದ ತುದಿಯ ತಂತಿ ಸುರುಳಿಯನ್ನು ನೆಲದಿಂದ 2–3 ಸೆಂ.ಮೀ.ಯಿಂದ 25 ಸೆಂ.ಮೀ.ವರೆಗೆ ಎತ್ತಿಳಿಸುತ್ತ, ಸದ್ದು ಏರದೆ ಇಳಿಯದೆ ನಿಲ್ಲುವಂತೆ ನೆಲಕ್ಕೆ ಹೊಂದಿಸಬೇಕು. ಹತ್ತು ಹೆಜ್ಜೆ ನಡೆದರೆ ಮತ್ತೆ ಅದೇ ಕೆಲಸ. ಬಿಟ್ಟು ಬಿಟ್ಟು ಮಿಡಿತ ಕಳಿಸುವ ಪಲ್ಸ್ ಇಂಡಕ್ಷನ್ ಯಂತ್ರ ಇಂಥ ನೆಲವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ; ಆದರೆ ಗುಂಡುಸೂಜಿ, ಬೇಲಿ ತಂತಿ, ಕತ್ತಿಯ ಮುರುಕು ಎಲ್ಲಕ್ಕೂ ಕೂಗುತ್ತದೆ.

ಸೊಪ್ಪಿನಬೆಟ್ಟದಲ್ಲಿ ತೋಟಿಗರಿಗಿರುವುದು ಸೊಪ್ಪು, ದರಕಿನ (ಒಣ ಎಲೆಯ) ಹಕ್ಕು. ಅಗೆಯುವ ಹಕ್ಕು ಅದರಲ್ಲಿ ಸೇರಿಲ್ಲ. ಸ್ವಂತ ಮಾಲ್ಕಿ ಜಾಗದಲ್ಲೂ ಬಂಗಾರದ ಶೋಧಕ್ಕೆ 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಪರವಾನಗಿ ಬೇಕು. ಇಲ್ಲದೆ ಕೈಹಾಕಿದರೆ 5 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಂತೂ ಈ ಯೋಚನೆಯೇ ಬೇಡ. ನಕ್ಷೆ ಓದುವುದಕ್ಕೆ, ರಸ್ತೆ ಕಡಿದಲ್ಲಿ ನಿಂತು ಕಲ್ಲು ಗುರುತಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಈ ವಿದ್ಯೆಯ ರುಚಿಯೆಲ್ಲ ಇರುವುದೂ ಅದರಲ್ಲೇ.

ಪ್ರಶ್ನೆ: ಕಾಳಿ ನದಿ ಸಮುದ್ರ ಸೇರುವಲ್ಲಿ ಕಪ್ಪು ಮರಳಿನ ಪಟ್ಟೆ ಕಾಣುತ್ತದೆ. ಅದರಲ್ಲಿ ಬಂಗಾರ ಇರಬಹುದೇ?
– ಓದುಗರು, ಕಾರವಾರ

ಉತ್ತರ: ಆ ಕಪ್ಪು, ಇಲ್ಮೆನೈಟ್, ಮ್ಯಾಗ್ನೆಟೈಟ್‌ಗಳಂಥ ಭಾರದ ಖನಿಜಗಳದ್ದು. ಅಲೆ ಹಗುರ ಮರಳನ್ನು ಹಿಂದಕ್ಕೆಳೆದಾಗ ಇವು ಉಳಿಯುತ್ತವೆ. ನೀರಿಗೆ ಹೋಲಿಸಿದರೆ ಬೆಣಚು 2.65 ಪಟ್ಟು ಭಾರ, ಮ್ಯಾಗ್ನೆಟೈಟ್ 5.2, ಬಂಗಾರ 19.3. ಅಷ್ಟು ಭಾರದ್ದು ಹೊಳೆ ದೂಡಿದಷ್ಟು ದೂರ ಬರುವುದಿಲ್ಲ. ಮೇಲ್ಭಾಗದಲ್ಲೇ ತಳದ ಬಂಡೆಯ ಸೀಳುಗಳಲ್ಲಿ, ತಿರುವಿನ ಒಳಮಗ್ಗುಲಲ್ಲಿ ಕೂತುಬಿಡುತ್ತದೆ. ಇಲ್ಲಿಯವರೆಗೆ ಬಂದರೆ ತೀರಾ ನಯವಾದ ಪುಡಿ ಬರಬಹುದು ಅಷ್ಟೇ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಾದ ಮೇಲೆ ಮೇಲಿನ ಮರಳೂ ಹಿನ್ನೀರಿನಲ್ಲೇ ನಿಲ್ಲುತ್ತಿದೆ.

ಪ್ರಶ್ನೆ: ಹಳ್ಳದ ಮರಳಿನಲ್ಲಿ ಹಳದಿ ಹೊಳಪಿನ ಚೂರು ಸಿಕ್ಕಿದೆ. ಬಂಗಾರವೇ ಎಂದು ಮನೆಯಲ್ಲಿ ತಿಳಿಯುವುದು ಹೇಗೆ?
– ಓದುಗರು, ಕುಮಟಾ

ಉತ್ತರ: ಭೂತಗಾಜಿನಡಿ ಇಟ್ಟು ಸೂಜಿಯಿಂದ ಒತ್ತಿ. ಬಂಗಾರ ತಗ್ಗುತ್ತದೆ, ಚಪ್ಪಟೆಯಾಗುತ್ತದೆ, ಒಡೆಯುವುದಿಲ್ಲ. ಪೈರೈಟ್ ಪುಡಿಯಾಗುತ್ತದೆ. ಕಾಗೆಬಂಗಾರ (ಅಭ್ರಕ) ಪದರ ಪದರವಾಗಿ ಬಿಡುತ್ತದೆ. ಗ್ರಾನೈಟ್, ನೈಸ್ ಸವೆದ ನಿಮ್ಮ ಭಾಗದ ಹಳ್ಳಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ. ಚೂರನ್ನು ನೆರಳಿಗೂ ಹಿಡಿದು ನೋಡಿ: ಬಂಗಾರದ ಬಣ್ಣ ನೆರಳಿನಲ್ಲೂ ಹಾಗೇ ಇರುತ್ತದೆ, ಕಾಗೆಬಂಗಾರ ತಿರುಗಿಸಿದಂತೆ ಮಿನುಗಿ ಆರುತ್ತದೆ. ತಟ್ಟೆಯಲ್ಲಿ ನೀರು ಹಾಕಿ ಅಲುಗಾಡಿಸಿದಾಗ ನೀರಿನ ಜೊತೆ ಮೊದಲು ಹೊರಟುಹೋದದ್ದು ಬಂಗಾರವಲ್ಲ. ಬಿಳಿ ಪಿಂಗಾಣಿ ಬೋಸಿಯ ಮೆರುಗಿಲ್ಲದ ತಳಕ್ಕೆ ಉಜ್ಜಿದರೆ ಪೈರೈಟ್ ಹಸಿರುಗಪ್ಪು ಗೀರು ಬಿಡುತ್ತದೆ, ಬಂಗಾರ ಹಳದಿ. ಆಮ್ಲ ಹಾಕಿ ನೋಡುವ ಕೆಲಸವನ್ನು ಅಕ್ಕಸಾಲಿಗರಿಗೇ ಬಿಡಿ.