ಫ್ರೇಜಿಯರ್ ಲೇಖನವನ್ನು ಮತ್ತೆ ಬರೆಯಿರಿ

ನಮಸ್ಕಾರ.

ಬಾಕ್ಸರ್ ಜೋ ಫ್ರೇಜಿಯರ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಫ್ರೇಜಿಯರ್ ಹೆಸರಲ್ಲಿ ಶುರುಮಾಡಿ ನೀವು ಮಹಮ್ಮದ್ ಅಲಿ ಬಗ್ಗೆ ಬರೆದಿದ್ದೀರಿ. ಅಲಿಯ ಮಾತು, ಅಲಿಯ ಚುರುಕು, ಅಲಿ ಸೇನೆಗೆ ಸೇರಲು ಒಪ್ಪದೇ ಇದ್ದದ್ದು, ಎಲ್ಲ ಇದೆ. ಫ್ರೇಜಿಯರ್ ಬದುಕಿನಲ್ಲಿ ಬರೆಯಲು ಏನೂ ಇರಲಿಲ್ಲವೇ?

ಅವರ ಎಡಗೈಯನ್ನೇ ನೋಡಿ. ದಕ್ಷಿಣ ಕೆರೊಲಿನಾದಲ್ಲಿ ಹುಡುಗನಾಗಿದ್ದಾಗ ಹಂದಿಯೊಂದು ಅಟ್ಟಿಸಿಕೊಂಡು ಬಂದು, ಬಿದ್ದು ತೋಳಿಗೆ ಪೆಟ್ಟಾಯಿತು. ಆಮೇಲೆ ಆ ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ. 1964ರ ಟೋಕಿಯೋ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಅದೇ ಕೈಯ ಹೆಬ್ಬೆರಳು ಮುರಿಯಿತು. ಹಾಗೇ ಫೈನಲ್ ಆಡಿ ಚಿನ್ನ ಗೆದ್ದರು. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ, 15ನೇ ರೌಂಡಿನಲ್ಲಿ, ಅಲಿಯನ್ನು ಕೆಡವಿದ್ದೂ ಆ ಕೈಯ ಹುಕ್ಕೇ, ಅಂದರೆ ತೋಳು ಬಗ್ಗಿಸಿ ಪಕ್ಕದಿಂದ ಬೀಸುವ ಏಟೇ. ಈ ಮೂರೂ ಸಂಗತಿ ನಿಮ್ಮಲ್ಲಿವೆ. ಆದರೆ ಬೇರೆ ಬೇರೆ ಪುಟಗಳಲ್ಲಿ, ಒಂದಕ್ಕೊಂದು ಗುರುತೇ ಇಲ್ಲದ ಹಾಗೆ ಬಿದ್ದಿವೆ.

ಇನ್ನು ಆಟದ ವಿಷಯ. ಅತಿ ಭಾರದ ಬಾಕ್ಸರ್‌ಗಳ ವಿಭಾಗವಾದ ಹೆವಿವೇಟ್‌ಗೆ ಅವರ ಎತ್ತರ ಕಮ್ಮಿ. ದೂರ ನಿಂತು ಹೊಡೆದರೆ ಗೆಲ್ಲುವ ಹಾಗಿರಲಿಲ್ಲ. ತಲೆ ತಗ್ಗಿಸಿ, ಅತ್ತಿತ್ತ ತೂಗುತ್ತಾ, ಎದುರಾಳಿಯ ಎದೆಯ ಹತ್ತಿರಕ್ಕೇ ನುಗ್ಗಬೇಕಿತ್ತು. ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಷ್ಟು ಏಟು ತಿನ್ನಬೇಕು ಎಂದು ಓದುಗರಿಗೆ ಗೊತ್ತಾಗಬೇಕು, ಅಲ್ವಾ? ನೀವು 'ಅಪ್ರತಿಮ ಧೈರ್ಯಶಾಲಿ' ಎಂದು ಹೇಳಿ ಮುಂದೆ ಹೋಗಿದ್ದೀರಿ. ಅಂಥ ಪದಗಳನ್ನೆಲ್ಲ ತೆಗೆಯಿರಿ.

'ಇಬ್ಬರ ನಡುವೆ ವೈರವಿತ್ತು' ಎಂಬ ಒಂದು ಸಾಲೂ ಸಾಲದು. ಸೇನೆಗೆ ಸೇರಲು ಒಪ್ಪದ ಕಾರಣ ಅಲಿಗೆ ಆಡಲು ಬಿಡದಿದ್ದಾಗ ಫ್ರೇಜಿಯರ್ ಹಣದ ಸಹಾಯ ಮಾಡಿದ್ದರು, ಅಲಿ ಮತ್ತೆ ಆಡಲಿ ಎಂದು ಮಾತಾಡಿದ್ದರು. ಅದೇ ಅಲಿ ಮುಂದೆ ಎಲ್ಲರೆದುರು ಅವರನ್ನು ಗೊರಿಲ್ಲಾ ಎಂದು ಹಂಗಿಸಿದರು. ಆ ನೋವು ಫ್ರೇಜಿಯರ್‌ಗೆ ಎಷ್ಟೋ ವರ್ಷ ಮಾಸಲಿಲ್ಲ. ಅವರ ಇಡೀ ಬದುಕಿನಲ್ಲಿ ನನಗೆ ಜಾಸ್ತಿ ಕಾಡುವುದು ಇದೇ.

1975ರಲ್ಲಿ ಮನಿಲಾದಲ್ಲಿ ಅಲಿ ಎದುರು ಆಡಿದ ಪಂದ್ಯಕ್ಕೆ ಎರಡು ಪುಟ ಕೊಡಿ. ಫ್ರೇಜಿಯರ್ ಕಣ್ಣು ಊದಿ ಮುಚ್ಚಿಹೋಗಿತ್ತು, 14 ರೌಂಡ್ ಮುಗಿದಿತ್ತು. ಅವರು ಇನ್ನೂ ಆಡುತ್ತೇನೆ ಎನ್ನುತ್ತಿದ್ದರು. ಕೋಚ್ ಎಡ್ಡಿ ಫಚ್ ಸಾಕು ಎಂದು ಪಂದ್ಯ ನಿಲ್ಲಿಸಿದರು. ಆ ತೀರ್ಮಾನ ಸರಿಯೇ ಎಂದು ನಿಮಗೆ ಅನಿಸುತ್ತದೆಯೇ? ಅದನ್ನೂ ಬರೆಯಿರಿ.

ಪಂದ್ಯಗಳ ಪಟ್ಟಿ ಬೇಡ. 1973ರಲ್ಲಿ ಬಾಕ್ಸರ್ ಜಾರ್ಜ್ ಫೋರ್ಮನ್ ಎದುರು ಸೋತದ್ದು ಮಾತ್ರ ಇರಲಿ. ತಿದ್ದಿ ನನಗೇ ಕಳಿಸಿ, ಓದುತ್ತೇನೆ.