ತೋಟದ ದಾರಿಗೆ ಥಾರ್: ಪೆಟ್ರೋಲೋ, ಡೀಸೆಲ್ಲೋ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟ. ಡಾಂಬರು ರಸ್ತೆಯಿಂದ ಮನೆಗೆ 3 ಕಿ.ಮೀ. ಮಣ್ಣುದಾರಿ. ಏರು ಕಡಿದು, ಮಳೆಗಾಲದಲ್ಲಿ ಒಂದು ಹಳ್ಳವನ್ನೂ ದಾಟಬೇಕು. ಮಹೀಂದ್ರಾ ಥಾರ್ 4x4 ತೆಗೆದುಕೊಳ್ಳೋಣ ಎಂದಿದ್ದೇವೆ. ದಿನವೂ ತೋಟದೊಳಗಿನ ಓಡಾಟ, ವಾರಕ್ಕೆ ಎರಡು ಸಲ 8 ಕಿ.ಮೀ. ದೂರದ ಪೇಟೆ, ಎರಡು ಮೂರು ತಿಂಗಳಿಗೊಮ್ಮೆ ಬೆಂಗಳೂರು. ವರ್ಷಕ್ಕೆ 6,000 ಕಿ.ಮೀ. ಆದರೆ ಹೆಚ್ಚು. ಏರಿಗೆ ಡೀಸೆಲ್ಲೇ ಆಗಬೇಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಓಡಾಟಕ್ಕೆ ಪೆಟ್ರೋಲ್ ಆಟೊಮ್ಯಾಟಿಕ್ ತೆಗೆದುಕೊಳ್ಳಿ.

ಏರಿಗೆ ಡೀಸೆಲ್ ಎಂಬ ಮಾತು ಹಳೆಯ ಜೀಪುಗಳ ಕಾಲದ್ದು. ಆಗ ಅದು ನಿಜವೂ ಆಗಿತ್ತು. ಈಗಿನ ಥಾರ್‌ನ ಅಂಕಿ ನೋಡಿ. 2.2 ಲೀಟರ್ ಡೀಸೆಲ್ ಎಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) 300 ಎನ್‌ಎಂ, ಅದು ಸಿಗುವುದು ಎಂಜಿನ್ ನಿಮಿಷಕ್ಕೆ 1,600 ಸುತ್ತು (ಆರ್‌ಪಿಎಂ) ತಿರುಗಿದ ನಂತರ. 2.0 ಲೀಟರ್ ಟರ್ಬೊ ಪೆಟ್ರೋಲ್ ಮ್ಯಾನ್ಯುಯಲ್‌ನಲ್ಲೂ 300 ಎನ್‌ಎಂ ಇದೆ, ಅದೂ 1,250ಕ್ಕೇ. ಆಟೊಮ್ಯಾಟಿಕ್‌ನಲ್ಲಿ 320. ಎಳೆಯುವ ಬಲದಲ್ಲಿ ಪೆಟ್ರೋಲ್ ಹಿಂದೆ ಬಿದ್ದಿಲ್ಲ.

ವ್ಯತ್ಯಾಸ ಗೊತ್ತಾಗುವುದು ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಭಾಗ) ಇನ್ನೂ ಎಚ್ಚರಗೊಳ್ಳದ ಐಡಲ್ ವೇಗದಲ್ಲಿ. ಕಲ್ಲಿನ ಮೇಲೆ ಚಕ್ರ ಹತ್ತಿಸುವಾಗ ಡೀಸೆಲ್ ಆಕ್ಸಿಲರೇಟರ್ ಮುಟ್ಟದೆಯೂ ಎಳೆಯುತ್ತದೆ. ಪೆಟ್ರೋಲ್ ಮ್ಯಾನ್ಯುಯಲ್ ಆದರೆ ಅಲ್ಲಿ ಅರ್ಧ ಕ್ಲಚ್ ಹಿಡಿಯಬೇಕಾಗುತ್ತದೆ, ಹೀಗೆ ದಿನವೂ ಹಿಡಿದರೆ ಕ್ಲಚ್ ಪ್ಲೇಟ್ ಬೇಗ ಸುಡುತ್ತದೆ. ಆಟೊಮ್ಯಾಟಿಕ್‌ನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದಲು ಆಯಿಲ್ ಮೂಲಕ ಬಲ ದಾಟಿಸುವ ಭಾಗ) ಈ ಕೊರತೆಯನ್ನು ತುಂಬುತ್ತದೆ. ಪೆಟ್ರೋಲ್ ಜೊತೆಗೆ ಆಟೊಮ್ಯಾಟಿಕ್ಕನ್ನೇ ಹೇಳಿದ್ದು ಇದಕ್ಕಾಗಿ.

ಡೀಸೆಲ್ ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಡಿಪಿಎಫ್, ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಇಂಥ ಡೀಸೆಲ್ ವಾಹನಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಈ ಫಿಲ್ಟರ್ ಇದೆ. ತುಂಬಿದ ಮಸಿ ಸುಟ್ಟುಹೋಗಲು ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಂದರೆ ಹೆದ್ದಾರಿಯಲ್ಲಿ 60 ಕಿ.ಮೀ. ವೇಗದ ಮೇಲೆ, 2,000 ಆರ್‌ಪಿಎಂ ಆಸುಪಾಸಿನಲ್ಲಿ, 15–20 ನಿಮಿಷ ಎಡೆಬಿಡದೆ ಓಡಬೇಕು. ತೋಟದಲ್ಲಿ ಲೋ ರೇಂಜ್ (4x4ನ ನಿಧಾನ, ಹೆಚ್ಚು ಬಲದ ಗೇರ್) ಹಾಕಿ ಓಡಿಸಿದರೆ ಮಸಿ ಕೂರುತ್ತದೆಯೇ ಹೊರತು ಸುಡುವಷ್ಟು ಬಿಸಿ ಏರುವುದಿಲ್ಲ. ಪೇಟೆಯ 8 ಕಿ.ಮೀ. ಕೂಡ ಸಾಲದು.

ಫಿಲ್ಟರ್ ತುಂಬುತ್ತಾ ಬಂದಾಗ ಎಂಜಿನ್ ತಾನಾಗಿಯೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ ಮಸಿ ಸುಡಲು ನೋಡುತ್ತದೆ. ನೀವು ಮನೆ ತಲುಪಿ ಅರ್ಧದಲ್ಲೇ ಎಂಜಿನ್ ಆಫ್ ಮಾಡುತ್ತೀರಿ. ಹೀಗೆ ಪದೇ ಪದೇ ಆದರೆ ಉರಿಯದ ಡೀಸೆಲ್ ಪಿಸ್ಟನ್ ರಿಂಗ್ ದಾಟಿ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಸಂತೋಷಪಡಬೇಡಿ. ಅದು ಡೀಸೆಲ್ ಬೆರೆತು ತೆಳುವಾದ ಆಯಿಲ್, ಬೇರಿಂಗ್‌ಗಳನ್ನು ಕಾಯುವುದಿಲ್ಲ, ಕೂಡಲೇ ಬದಲಿಸಬೇಕು. ಎಚ್ಚರಿಕೆ ದೀಪ ಹತ್ತಿದ ಮೇಲೂ ಹಾಗೇ ಓಡಿಸಿದರೆ ವಾಹನ ಲಿಂಪ್ ಮೋಡ್‌ಗೆ ಹೋಗುತ್ತದೆ, ಅಂದರೆ ಎಂಜಿನ್ ತನ್ನ ಬಲವನ್ನು ತಾನೇ ತಗ್ಗಿಸಿಕೊಂಡು ಸರಿಯಾಗಿ ಎಳೆಯುವುದಿಲ್ಲ. ಆಷಾಢದ ಮಳೆಯಲ್ಲಿ, ಏರಿನ ನಡುವೆ ಹೀಗಾಗುವುದು ಯಾರಿಗೂ ಬೇಡ.

ವಾರಕ್ಕೊಮ್ಮೆ ಹಾಸನಕ್ಕೆ ಹೋಗಿಬರುವ ಕೆಲಸ ನಿಮಗಿದ್ದರೆ ಸಲಹೆ ತಿರುಗುತ್ತಿತ್ತು. ರಾಷ್ಟ್ರೀಯ ಹೆದ್ದಾರಿ 75ರ ಆ ಓಟವೇ ಫಿಲ್ಟರ್ ಶುಚಿ ಮಾಡುತ್ತದೆ, ಆಗ ಡೀಸೆಲ್ ಮ್ಯಾನ್ಯುಯಲ್ ಒಳ್ಳೆಯ ಆಯ್ಕೆ.

ಖರ್ಚಿನಲ್ಲಿ ಡೀಸೆಲ್ಲೇ ಅಗ್ಗ, ಅದನ್ನು ಮುಚ್ಚಿಡುವುದಿಲ್ಲ. ಪೆಟ್ರೋಲ್ 103 ರೂಪಾಯಿ, ಮೈಲೇಜ್ 9 ಕಿ.ಮೀ.; ಡೀಸೆಲ್ 91 ರೂಪಾಯಿ, ಮೈಲೇಜ್ 12 ಎಂದು ಹಿಡಿಯಿರಿ. ಕಿಲೋಮೀಟರಿಗೆ ಸುಮಾರು 3.85 ರೂಪಾಯಿ ವ್ಯತ್ಯಾಸ, 6,000 ಕಿ.ಮೀ.ಗೆ ವರ್ಷಕ್ಕೆ 23,000. ನಿಮ್ಮೂರಿನ ದರ ಹಾಕಿ ಲೆಕ್ಕ ಮಾಡಿ, ಎರಡು ಮಾದರಿಗಳ ಆನ್‌ರೋಡ್ ಬೆಲೆಯ ಅಂತರವನ್ನೂ ಸೇರಿಸಿ. ವರ್ಷಕ್ಕೆ 15,000 ಕಿ.ಮೀ. ಓಡಿಸುವವರಿಗೆ ಈ ಉಳಿತಾಯ ದೊಡ್ಡದು. ನಿಮಗೆ ಅದು ಡಿಪಿಎಫ್ ತಲೆನೋವಿಗೆ ಸಮನಲ್ಲ.

ಪೆಟ್ರೋಲಿಗೂ ಅದರದೇ ಆರೈಕೆ ಬೇಕು. ಈಗ ಬಂಕ್‌ನಲ್ಲಿ ಸಿಗುವ ಇ20ಯಲ್ಲಿ ಶೇ 20ರವರೆಗೆ ಎಥೆನಾಲ್ ಇದೆ, ಅದು ತೇವ ಹೀರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ, ನಿಲ್ಲಿಸಲೇಬೇಕಾದರೆ ಟ್ಯಾಂಕ್ ತುಂಬಿಸಿಡಿ. ಪಂಪ್‌ಸೆಟ್ಟಿಗೆಂದು ಡೀಸೆಲ್ ಕ್ಯಾನ್ ಇಡುವ ಹಾಗೆ ಪೆಟ್ರೋಲನ್ನು ಮನೆಯಲ್ಲಿ ಇಡಲೂಬೇಡಿ.

ಬೇರೆ ಮಾದರಿ ನೋಡುವುದಾದರೆ, ಐದು ಬಾಗಿಲಿನ ಥಾರ್ ರಾಕ್ಸ್ 2024ರಲ್ಲಿ ಬಂದಾಗ 4x4 ಇದ್ದದ್ದು ಡೀಸೆಲ್‌ನಲ್ಲಿ ಮಾತ್ರ. ಫೋರ್ಸ್ ಗೂರ್ಖಾ ಡೀಸೆಲ್ ಮಾತ್ರ. ಮಾರುತಿ ಜಿಮ್ನಿ ಪೆಟ್ರೋಲ್ ಮಾತ್ರ, ಟಾರ್ಕ್ 134 ಎನ್‌ಎಂ ಆದರೂ ತೂಕ 1,200 ಕೆ.ಜಿ. ಆಸುಪಾಸು. ಇಕ್ಕಟ್ಟಾದ ತೋಟದ ದಾರಿಗೆ ಅದನ್ನೂ ಒಮ್ಮೆ ಓಡಿಸಿ ನೋಡಿ.

ಹಳ್ಳದ ವಿಷಯದಲ್ಲಿ ಇಂಧನ ಯಾವುದಾದರೂ ಮಿತಿ ಒಂದೇ: ಕಂಪನಿ ಹೇಳುವ 650 ಮಿ.ಮೀ. ಆಳ, ಅದೂ ನಿಂತ ನೀರಿನಲ್ಲಿ. ಹರಿವು ಜೋರಿದ್ದರೆ ಇಳಿಯಲೇಬೇಡಿ. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬಾರದು. ಸಿಲಿಂಡರಿಗೆ ಹೊಕ್ಕ ನೀರು ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್‌ನಲ್ಲಿ ಕಂಪ್ರೆಷನ್ ಹೆಚ್ಚಿರುವುದರಿಂದ ಸ್ವಲ್ಪ ನೀರೇ ಸಾಕು. ಮಳೆಗಾಲ ಮುಗಿದ ಮೇಲೆ ಮುಂದಿನ ಹಿಂದಿನ ಎರಡೂ ಡಿಫರೆನ್ಷಿಯಲ್‌ಗಳ ಆಯಿಲ್ ನೋಡಿಸಿ, ಹಾಲು ಬೆರೆಸಿದ ಹಾಗಿದ್ದರೆ ಒಳಗೆ ನೀರು ಹೋಗಿದೆ, ಆಯಿಲ್ ಬದಲಿಸುವಾಗ ಬ್ರೀದರ್ ಪೈಪನ್ನೂ (ಡಿಫರೆನ್ಷಿಯಲ್‌ನ ಗಾಳಿ ಕೊಳವೆ) ಪರೀಕ್ಷಿಸಲು ಹೇಳಿ.