ಇಬ್ಬರೇ ಟೀಚರ್ ಇರುವ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ವಾರವಿಡೀ ಏನು ನಡೆಯುತ್ತೆ? ಮಕ್ಕಳು ನಿಜಕ್ಕೂ ಕಲಿಯುತ್ತಾರಾ?

ನೀವು ಕೇಳಿರೋದು ಇಷ್ಟು. ಬೆಂಗಳೂರು ಬಿಟ್ಟು ಊರಿಗೆ ವಾಪಸ್ ಬರ್ತಿದ್ದೀರಿ. ಮಗಳು ಎರಡನೇ ಕ್ಲಾಸು. ಊರಿನ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಐದು ಕ್ಲಾಸಿಗೆ ಇಬ್ಬರೇ ಟೀಚರು, ಎಲ್ಲಾ ಸೇರಿ ಮಕ್ಕಳು ಇಪ್ಪತ್ತು ಚಿಲ್ಲರೆ. ಅಲ್ಲಿಗೆ ಸೇರಿಸೋದಾ, ಇಲ್ಲ ವ್ಯಾನ್ ಹತ್ತಿಸಿ ಪೇಟೆಯ ಕಾನ್ವೆಂಟಿಗೆ ಕಳಿಸೋದಾ ಅನ್ನೋ ಯೋಚನೆ.

ನಾನು ಅಂಥದ್ದೇ ಒಂದು ಶಾಲೆಯ ಶಿಕ್ಷಕಿ. ಒಂದರಿಂದ ಮೂರನೇ ಕ್ಲಾಸಿನ ನಲಿ-ಕಲಿ, ಅಂದ್ರೆ ಮೂರೂ ಕ್ಲಾಸಿನವರನ್ನು ಒಟ್ಟಿಗೆ ಕೂರಿಸಿ ಕಾರ್ಡುಗಳಿಂದ ಕಲಿಸೋ ಪದ್ಧತಿ, ನನ್ನದು. ನಾಲ್ಕು ಮತ್ತು ಐದು ನಮ್ಮ ಹೆಡ್‌ಮಾಸ್ಟರ್ ನೋಡಿಕೊಳ್ಳುತ್ತಾರೆ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಮೂರನೇ ಕ್ಲಾಸಿನವರೆಗೆ ಹೆದರಬೇಡಿ. ನಾಲ್ಕು-ಐದರ ವಿಷಯ ಮಾತ್ರ ಶಾಲೆಗೆ ಹೋಗಿ ನೋಡಿಯೇ ತೀರ್ಮಾನ ಮಾಡಿ. ಟೀಚರ್ ಎಷ್ಟು ಜನ ಅಂತ ಲೆಕ್ಕ ಹಾಕುವವರೇ ಜಾಸ್ತಿ. ಇರುವ ಟೀಚರ್ ವಾರದಲ್ಲಿ ಎಷ್ಟು ಹೊತ್ತು ಮಕ್ಕಳ ಜೊತೆ ಕೂರುತ್ತಾರೆ ಅಂತ ಯಾರೂ ಕೇಳೋದಿಲ್ಲ. ಎಲ್ಲಾ ನಿಂತಿರೋದು ಅದರ ಮೇಲೆ.

ಇಬ್ಬರೇ ಟೀಚರ್ ಅಂದ್ರೆ ಏನೋ ಕೊರತೆ ಅಂದುಕೊಂಡಿದ್ದೀರಿ, ಹಾಗಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕವೇ ಅದು. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. ಮಕ್ಕಳ ಲೆಕ್ಕದಲ್ಲಿ ನೋಡಿದರೆ ನಮ್ಮಂಥ ಶಾಲೆಗಳಲ್ಲಿ ಒಬ್ಬ ಟೀಚರ್‌ಗೆ ಹತ್ತು-ಹನ್ನೆರಡು ಮಕ್ಕಳು, ಪೇಟೆಯ ಯಾವ ಕಾನ್ವೆಂಟಿನಲ್ಲೂ ಅಷ್ಟು ಕಡಿಮೆ ಸಿಗೋದು ಕಷ್ಟ. ಆದರೆ ಕ್ಲಾಸಿನ ಲೆಕ್ಕದಲ್ಲಿ ನೋಡಿದರೆ ಒಬ್ಬರ ತಲೆ ಮೇಲೆ ಎರಡು-ಮೂರು ಕ್ಲಾಸು. ಒಳ್ಳೆಯದೂ ಕೆಟ್ಟದ್ದೂ ಎರಡೂ ಅಲ್ಲಿಂದಲೇ ಶುರು.

ನಿಮ್ಮ ಮಗಳು ಕೂರೋದು ನಲಿ-ಕಲಿ ಕೋಣೆಯಲ್ಲಿ, ಹಾಗಾಗಿ ಅದನ್ನೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಇದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು. ಅಲ್ಲಿನ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಸುತ್ತಲ ಹಳ್ಳಿ ಶಾಲೆಗಳಲ್ಲಿ ಅವರು ಕಾರ್ಡುಗಳನ್ನಿಟ್ಟು ಕಲಿಸೋದನ್ನು ನೋಡಿ ಬಂದು, ಯೂನಿಸೆಫ್ ನೆರವಿನಲ್ಲಿ ನಮ್ಮ ಕನ್ನಡಕ್ಕೆ ಹೊಂದಿಸಿಕೊಂಡರು. 2009-10ರಿಂದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲಾ ಬಂತು.

ಕೋಣೆಯೊಳಗೆ ಕಾಲಿಟ್ಟರೆ ಮೊದಲು ಗೊಂದಲ ಆಗುತ್ತೆ. ಮೂರೂ ಕ್ಲಾಸಿನ ಮಕ್ಕಳು ಕಲಸಿಕೊಂಡು ಗುಂಪು ಗುಂಪಾಗಿ ಕೂತಿರುತ್ತಾರೆ, ಯಾರು ಯಾವ ಕ್ಲಾಸು ಅಂತ ಗೊತ್ತಾಗೋದಿಲ್ಲ. ಗೋಡೆ ಮೇಲೆ ಕಲಿಕೆಯ ಏಣಿ ಇರುತ್ತೆ. ಮಗು ತಾನು ಯಾವ ಮೆಟ್ಟಿಲಿನಲ್ಲಿದೆ ಅಂತ ಅಲ್ಲಿ ನೋಡಿಕೊಂಡು, ಅದೇ ಚಿತ್ರ, ಅದೇ ನಂಬರಿನ ಕಾರ್ಡು ತೆಗೆದುಕೊಂಡು, ಸಂಬಂಧಪಟ್ಟ ಗುಂಪಿಗೆ ಹೋಗಿ ಕೂರುತ್ತೆ. ಆ ಗುಂಪುಗಳಿಗೆ ನಾವು ತಟ್ಟೆ ಅಂತೀವಿ. ಹೊಸ ವಿಷಯ ಆದರೆ ಟೀಚರ್ ಜೊತೆ ಕೂರೋ ತಟ್ಟೆ, ಅರ್ಧ ಬಂದಿದ್ದರೆ ಗೆಳೆಯರ ಸಹಾಯದ ತಟ್ಟೆ, ಪೂರ್ತಿ ಬಂದರೆ ಸ್ವಕಲಿಕೆ. ಒಂದು ಮೈಲಿಗಲ್ಲು, ಅಂದ್ರೆ ಕೆಲವು ಮೆಟ್ಟಿಲುಗಳ ಒಂದು ಹಂತ, ದಾಟಿದರೆ ಪ್ರಗತಿನೋಟ ಅನ್ನೋ ಪಟ್ಟಿಯಲ್ಲಿ ಗುರುತು.

ನಿಮಗೆ ಆಶ್ಚರ್ಯ ಆಗಬಹುದಾದ ಇನ್ನೊಂದು ವಿಷಯ, ಇಲ್ಲಿ ಅಕ್ಷರ ಶುರುವಾಗೋದು ಅ, ಆ, ಇ, ಈ ಅಂತ ಅಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಅಜ್ಜಂದಿರು ಇದನ್ನು ನೋಡಿ ನಮ್ಮನ್ನು ಬೈದಿದ್ದುಂಟು, 'ವರ್ಣಮಾಲೆನೂ ಹೇಳ್ಕೊಡಲ್ವೇನಮ್ಮಾ ನೀವು' ಅಂತ. ಆದರೆ ಆ ಐದೇ ಅಕ್ಷರ ಇಟ್ಟುಕೊಂಡು ಸರ, ದರ, ಅರಸ, ಅಗಸ, ಗರಗಸ ಇಷ್ಟೆಲ್ಲಾ ಓದಬಹುದು ನೋಡಿ. ಮಗು ವರ್ಣಮಾಲೆ ಮುಗಿಯೋ ತನಕ ಕಾಯೋದು ಬೇಡ, ಕೆಲವೇ ವಾರದಲ್ಲಿ ಪದ ಓದುತ್ತೆ. 'ಗರಗಸ' ತಾನೇ ಓದಿದ ದಿನ ಆ ಮಗುವಿನ ಗತ್ತೇ ಬೇರೆ. ವರ್ಣಮಾಲೆ ಕ್ರಮ ಆಮೇಲೆ ಬಂದೇ ಬರುತ್ತೆ.

ಈ ಪದ್ಧತಿಯಲ್ಲಿ ನನಗೆ ತುಂಬಾ ಇಷ್ಟವಾಗೋದು, ಮಗು ಬಿಟ್ಟ ಜಾಗದಿಂದಲೇ ಮುಂದುವರಿಯೋದು. ಕಾಫಿ ಕೊಯ್ಲಿನ ಹೊತ್ತಿಗೆ ಅಪ್ಪ-ಅಮ್ಮನ ಜೊತೆ ತೋಟಕ್ಕೆ ಹೋಗಿ ವಾರಗಟ್ಟಲೆ ತಪ್ಪಿಸಿಕೊಳ್ಳುವ ಮಕ್ಕಳು ನಮ್ಮಲ್ಲಿದ್ದಾರೆ. ಪಠ್ಯಪುಸ್ತಕದ ಕ್ಲಾಸಾಗಿದ್ದರೆ ಅಷ್ಟರಲ್ಲಿ ನಾಲ್ಕು ಪಾಠ ಮುಂದೆ ಹೋಗಿರುತ್ತೆ, ವಾಪಸ್ ಬಂದ ಮಗು ಪೆಚ್ಚಾಗಿ ಹಿಂದೆ ಕೂತಿರುತ್ತೆ. ಇಲ್ಲಿ ಹಾಗಿಲ್ಲ, ಹೋಗುವಾಗ ಇದ್ದ ಮೆಟ್ಟಿಲೇ ಬಂದಾಗಲೂ ಕಾದಿರುತ್ತೆ. ನಿಮ್ಮ ಮಗಳೂ ವರ್ಷದ ಮಧ್ಯೆ ಬಂದರೆ ತೊಂದರೆ ಇಲ್ಲ ಅನ್ನೋದಕ್ಕೆ ಇದೇ ಕಾರಣ.

ಇನ್ನು ದೊಡ್ಡವರು ಚಿಕ್ಕವರಿಗೆ ಹೇಳಿಕೊಡೋದು. ಮೂರನೇ ಕ್ಲಾಸಿನ ಹುಡುಗಿ ಒಂದನೇ ಕ್ಲಾಸಿನವನ ಕೈ ಹಿಡಿದು 'ಹಂಗಲ್ಲ ಕಣೋ, ಕೊಂಬು ಆ ಕಡೆ ಬರ್ಬೇಕು' ಅಂತ ತಿದ್ದುತ್ತಿರುತ್ತಾಳೆ. ಅವನಿಗೆ ಕೊಂಬು ಬರುತ್ತೋ ಬಿಡುತ್ತೋ, ಅವಳಿಗಂತೂ ಇನ್ನು ಜನ್ಮದಲ್ಲಿ ತಪ್ಪೋದಿಲ್ಲ. ಮನೆಯಲ್ಲಿ ಒಬ್ಬಳೇ ಮಗಳಾಗಿದ್ದರೆ ನಿಮ್ಮ ಹುಡುಗಿಗೆ ಇದು ಜಾಸ್ತಿ ಉಪಯೋಗ.

ಕೆಡೋದು ಹೇಗೆ ಅಂತಲೂ ಹೇಳಬೇಕಲ್ವಾ. ಟೀಚರ್ ಆ ಮೊದಲ ತಟ್ಟೆಯಲ್ಲಿ ಕೂರದೆ ಮೇಜಿನ ಹತ್ತಿರ ಕೂತು ಫೋನಿನಲ್ಲಿ ಮಾಹಿತಿ ತುಂಬುತ್ತಿದ್ದರೆ ಇಡೀ ನಲಿ-ಕಲಿ ಸುಮ್ನೆ ಕಾರ್ಡು ಜೋಡಿಸೋ ಆಟ ಆಗಿಬಿಡುತ್ತೆ. ಮಕ್ಕಳು ಪಕ್ಕದವರದ್ದು ನೋಡಿ ಬರೆದು ಮುಂದಿನ ಮೆಟ್ಟಿಲಿಗೆ ಹಾರುತ್ತಾರೆ, ಗುರುತು ಬೀಳುತ್ತೆ, ಕಲಿಕೆ ಇರೋದಿಲ್ಲ. ಒತ್ತಕ್ಷರದ ಹತ್ತಿರ ಬಂದಾಗ ಎಲ್ಲಾ ಬಯಲಾಗುತ್ತೆ. ಗಣಿತದಲ್ಲಿ ದಶಕ ತೆಗೆದುಕೊಂಡು ಕಳೆಯೋ ಲೆಕ್ಕ ಬಂದಾಗಲೂ ಅಷ್ಟೇ.

ವಾರ ಹೇಗಿರುತ್ತೆ ಅಂದಿರಿ. ಸೋಮವಾರ ನಿಧಾನ. ಸಂತೆ, ಜಾತ್ರೆ, ನೆಂಟರ ಮನೆ ಅಂತ ಹೋದವರು ಪೂರ್ತಿ ಬಂದಿರೋದಿಲ್ಲ, ಬಂದವರಿಗೆ ಹೇಳೋಕೆ ಸುದ್ದಿ ಬೇಕಾದಷ್ಟಿರುತ್ತೆ. ನಾನು ಸೋಮವಾರ ಬೆಳಿಗ್ಗೆ ಅವರಿಗೆ ಮಾತಾಡೋಕೆ ಬಿಟ್ಟುಬಿಡುತ್ತೇನೆ, ಅದನ್ನೇ ಬೋರ್ಡಿನ ಮೇಲೆ ನಾಲ್ಕು ವಾಕ್ಯ ಮಾಡಿ ಬರೆದರೆ ಅವತ್ತಿನ ಓದಿಗೆ ಅದೇ ಪಾಠ. ಮಂಗಳವಾರದಿಂದ ಗುರುವಾರದವರೆಗೆ ಗಟ್ಟಿ ಕೆಲಸ. ಪ್ರಾರ್ಥನೆ, ನಾಡಗೀತೆ, ಸಂವಿಧಾನದ ಪೀಠಿಕೆ ಆದ ಮೇಲೆ ಹಾಲು, ಆಮೇಲೆ ಕನ್ನಡ, ಗಣಿತ, ಪರಿಸರ ಅಧ್ಯಯನ ದೊಡ್ಡ ದೊಡ್ಡ ಅವಧಿಗಳು, ಇಂಗ್ಲಿಷ್ ಚಿಕ್ಕದು. ಶುಕ್ರವಾರ ಮಧ್ಯಾಹ್ನದ ಮೇಲೆ ಮಕ್ಕಳ ತಲೆಗೆ ಏನೂ ಹೋಗೋದಿಲ್ಲ, ಕಥೆ ಪುಸ್ತಕ ಕೊಟ್ಟರೆ ಮಾತ್ರ ಕೂರುತ್ತಾರೆ.

ಶನಿವಾರ ಬೆಳಗಿನ ಶಾಲೆ. ಮೊದಲು ಸಾಮೂಹಿಕ ವ್ಯಾಯಾಮ. ಇಪ್ಪತ್ತು ಮಕ್ಕಳಲ್ಲಿ ಸಾಲು ಎಷ್ಟು ಉದ್ದ ಆಗುತ್ತೆ ನೀವೇ ಯೋಚಿಸಿ, ಆದರೂ ಲೀಡರ್ ಮಾತ್ರ ಸಾವಿರ ಜನರಿಗೆ ಕೇಳೋ ಹಾಗೆ ಕೂಗುತ್ತಾನೆ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲ, ಸಂಭ್ರಮ ಶನಿವಾರ ಅಂತ. ಚಟುವಟಿಕೆಗೆ ಅಂತ ಪುಸ್ತಕ ಕೊಟ್ಟಿದ್ದಾರೆ, ಮಾಡುತ್ತೇವೆ. ಅದು ಮುಗಿದ ಮೇಲೆ ಅಡಿಕೆ ಹಾಳೆ ಮೇಲೆ ಒಬ್ಬರನ್ನು ಕೂರಿಸಿ ಎಳೆಯೋ ಆಟಕ್ಕೆ ಬಿಡದೇ ಇದ್ದರೆ ಮಕ್ಕಳು ಕ್ಷಮಿಸೋದಿಲ್ಲ.

ಊಟದ ವಿಷಯ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಗಿ ಮಾರನೇ ವರ್ಷ ಉಳಿದ ಕಡೆ ಬಂತು, 2013ರಲ್ಲಿ ಕ್ಷೀರಭಾಗ್ಯದ ಹಾಲು. ಮೊದಲು ವಾರಕ್ಕೆ ಮೂರು ದಿನ ಇತ್ತು, ಈಗ ಐದು ದಿನ. ಹಾಲಿನ ಪುಡಿ ಕಲಸಿ ಒಂದು ಮಗುವಿಗೆ 150 ಮಿಲಿ. ಮೊಟ್ಟೆ ವಾರಕ್ಕೆ ಎರಡು ಇದ್ದದ್ದು 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಆರು ದಿನಕ್ಕೆ ಏರಿತು, ತಿನ್ನದವರಿಗೆ ಬಾಳೆಹಣ್ಣು. ಅನ್ನ-ಸಾಂಬಾರು ಹೇಗಿರುತ್ತೆ ಅನ್ನೋದು ಅಡುಗೆಯವರ ಕೈ. ಅವರು ಅದೇ ಊರಿನವರು, ಅವರ ಮೊಮ್ಮಕ್ಕಳೂ ಅದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ, ಅದಕ್ಕಿಂತ ಒಳ್ಳೆ ತಪಾಸಣೆ ಇಲ್ಲ. ಪೇಟೆಯಿಂದ ಬಂದ ಮಕ್ಕಳು ಮೊದಮೊದಲು ಡಬ್ಬಿ ತರುತ್ತಾರೆ, ಸ್ವಲ್ಪ ದಿನ ಅಷ್ಟೇ, ಆಮೇಲೆ ತಟ್ಟೆ ಹಿಡಿದು ಎಲ್ಲರ ಜೊತೆ ಕೂರುತ್ತಾರೆ.

ಈಗ ಕಷ್ಟದ ಭಾಗ. ನಾಲ್ಕು-ಐದನೇ ಕ್ಲಾಸಿಗೆ ನಲಿ-ಕಲಿ ಇಲ್ಲ, ಪಠ್ಯಪುಸ್ತಕ. ಎರಡು ಕ್ಲಾಸಿಗೂ ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಬೇರೆ ಬೇರೆ ಪುಸ್ತಕ. ಒಬ್ಬರೇ ಮೇಷ್ಟ್ರು ಐದನೆಯವರಿಗೆ ಭಿನ್ನರಾಶಿ ಹೇಳುವಾಗ ನಾಲ್ಕನೆಯವರು ಏನಾದರೂ ಬರೆಯುತ್ತಿರಬೇಕು. ಸಣ್ಣ ಶಾಲೆಯಲ್ಲಿ ಸಾಮಾನ್ಯವಾಗಿ ಈ ಕ್ಲಾಸುಗಳು ಬೀಳೋದು ಹೆಡ್‌ಮಾಸ್ಟರ್ ಹೆಗಲಿಗೆ. ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ತಂತ್ರಾಂಶದಲ್ಲಿ ಮಕ್ಕಳ ವಿವರ, ಬ್ಯಾಂಕು, ಸಭೆ, 'ಇವತ್ತೇ ಕಳಿಸಿ' ಅನ್ನೋ ತುರ್ತು ಮಾಹಿತಿ, ಇದೆಲ್ಲಾ ಬೀಳೋದೂ ಅವರ ಹೆಗಲಿಗೇ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತೆ. ಆದರೆ ಶಾಲೆಯದ್ದೇ ಕಾಗದಪತ್ರ ಆ ಲೆಕ್ಕಕ್ಕೆ ಬರೋದಿಲ್ಲವಲ್ಲ, ಹೊತ್ತು ತಿನ್ನೋದು ಅದೇ ಜಾಸ್ತಿ. ನಮ್ಮ ಹೆಡ್‌ಮಾಸ್ಟರ್ ಸಭೆಗೆ ಹೋದ ದಿನ ಐದೂ ಕ್ಲಾಸು ನನ್ನ ಕೋಣೆಗೆ ಬರುತ್ತವೆ. ಅವತ್ತು ನಾಲ್ಕು-ಐದರವರಿಗೆ ಕಾಪಿ ಬರೆಯೋದು, ಮಗ್ಗಿ ಹೇಳೋದು ಬಿಟ್ಟರೆ ಹೆಚ್ಚೇನೂ ಆಗೋದಿಲ್ಲ ಅಂತ ನೇರವಾಗಿಯೇ ಹೇಳುತ್ತೇನೆ. ಹುಷಾರಿರುವ ಮಗು ಹೇಗೋ ಓದಿಕೊಳ್ಳುತ್ತೆ. ಮಧ್ಯದವರೇ ಹಿಂದೆ ಬೀಳೋದು. ಮನೆಯಲ್ಲಿ ಯಾರಾದರೂ ದಿನಾ ಸಂಜೆ ಗಣಿತದ ಹತ್ತಿರ ಕೂತರೆ ಈ ತೂತು ಬಹುಪಾಲು ಮುಚ್ಚುತ್ತೆ.

ಅದಕ್ಕೇ ಹೇಳಿದ್ದು, ಶಾಲೆಗೆ ಹೋಗಿ ನೋಡಿ ಅಂತ. ಆಗಸ್ಟ್ 15ಕ್ಕೋ ಶಾರದಾ ಪೂಜೆಗೋ ಹೋಗಬೇಡಿ, ಅವತ್ತು ಎಲ್ಲಾ ಶಾಲೆಯೂ ಚೆಂದ. ವಾರದ ಮಧ್ಯೆ, ಊಟ ಆದ ಮೇಲೆ ಹೋಗಿ. ನಲಿ-ಕಲಿ ಕೋಣೆಯಲ್ಲಿ ಗೋಡೆಯ ಕೆಳಭಾಗದಲ್ಲಿ ಮಕ್ಕಳಿಗೆ ಅಂತಲೇ ಕಪ್ಪು ಹಲಗೆ ಇರುತ್ತೆ, ಅದರ ಮೇಲೆ ಅವತ್ತಿನ ಸೀಮೆಸುಣ್ಣದ ಬರಹ ಇದೆಯಾ ನೋಡಿ. ಕಾರ್ಡುಗಳ ಅಂಚು ಸವೆದಿದ್ದರೆ ಒಳ್ಳೆಯದು, ಹೊಸದಾಗಿ ಮಿರಿಮಿರಿ ಅಂತಿದ್ದರೆ ಯಾರೂ ಮುಟ್ಟಿಲ್ಲ ಅಂತ ಅರ್ಥ. ಗಣಿತ ಕಿಟ್ಟಿನ ಪೆಟ್ಟಿಗೆ ಬೀರುವಿನ ಮೇಲಿದೆಯಾ, ನೆಲದ ಮೇಲಿದೆಯಾ ಅದನ್ನೂ ನೋಡಿ. ಮೂರನೇ ಕ್ಲಾಸಿನ ಒಂದು ಮಗುವಿಗೆ ಪಠ್ಯ ಬಿಟ್ಟು ಬೇರೆ ಯಾವುದಾದರೂ ಕಥೆ ಪುಸ್ತಕ ಕೊಟ್ಟು ಓದಿಸಿ, ಕಲಿತ ಪಾಠ ಎಲ್ಲರೂ ಬಾಯಿಪಾಠ ಒಪ್ಪಿಸುತ್ತಾರೆ. ಗಲಾಟೆ ಇದ್ದರೆ ಬೇಸರ ಮಾಡಿಕೊಳ್ಳಬೇಡಿ. ಪಿನ್ ಡ್ರಾಪ್ ಸೈಲೆನ್ಸ್ ಇರೋ ನಲಿ-ಕಲಿ ಕೋಣೆ ಕಂಡರೆ ನನಗೆ ಅನುಮಾನ ಬರುತ್ತೆ.

ಇನ್ನೊಂದು ಪ್ರಶ್ನೆ ಕೇಳಿ: ಮೂರನೆಯವರು, ಅಂದ್ರೆ ಅತಿಥಿ ಶಿಕ್ಷಕರು ಇದ್ದಾರಾ ಅಂತ. ಇಬ್ಬರಲ್ಲಿ ಒಬ್ಬರು ವರ್ಗಾವಣೆ ಆಗಿ ಹೋದರೆ ಆ ಜಾಗ ಯಾರು ನೋಡಿಕೊಳ್ಳುತ್ತಾರೆ ಅನ್ನೋದು ಎರಡು ಟೀಚರ್ ಶಾಲೆಯಲ್ಲಿ ದೊಡ್ಡ ವಿಷಯ. ಎಸ್‌ಡಿಎಂಸಿ, ಅಂದ್ರೆ ಶಾಲೆಯ ಅಭಿವೃದ್ಧಿ ಸಮಿತಿ, ಚುರುಕಾಗಿದ್ದರೆ ಅವರೇ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗಿ ಕೂರುತ್ತಾರೆ. ಪೋಷಕರೇ ಅದರ ಸದಸ್ಯರು, ನೀವೂ ಆಗಬಹುದು. ಓದಿಕೊಂಡು ಊರಿಗೆ ವಾಪಸ್ ಬಂದವರು ಒಬ್ಬರು ಸಭೆಯಲ್ಲಿ ಕೂತರೆ ಶಾಲೆಗೆ ಎಷ್ಟು ಬಲ ಬರುತ್ತೆ ಅಂತ ನಿಮಗೆ ಗೊತ್ತಿಲ್ಲ.

ಇಂಗ್ಲಿಷ್ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತೆ. ಒಂದನೇ ಕ್ಲಾಸಿನಿಂದಲೇ ಇದೆ. ಹಾಡು, ಚಿಕ್ಕ ಮಾತು, ಪದಗಳು ಚೆನ್ನಾಗಿ ಬರುತ್ತವೆ, ಓದು-ಬರಹ ನಿಧಾನ. ಪೇಟೆ ಶಾಲೆಯಲ್ಲಿ ಕಲಿತದ್ದು ಇಲ್ಲಿ ಮರೆಯದ ಹಾಗೆ ಮನೆಯಲ್ಲಿ ನೀವು ಓದಿಸಬೇಕು. ಅಷ್ಟೇ ಹೊತ್ತನ್ನು ಅವಳು ವ್ಯಾನಿನಲ್ಲಿ ತೂಕಡಿಸುತ್ತಾ ಕಳೆಯೋದಕ್ಕಿಂತ ಇದು ವಾಸಿ ಅಂತ ನನ್ನ ಅಭಿಪ್ರಾಯ, ನೀವು ಒಪ್ಪಲೇಬೇಕು ಅಂತಿಲ್ಲ.

ಸೇರಿಸೋದಾದರೆ ಈಗಿನ ಶಾಲೆಯಿಂದ ಟಿಸಿ ಮತ್ತು ಮಗಳ ಸ್ಯಾಟ್ಸ್ ನಂಬರ್ ತೆಗೆದುಕೊಂಡು ಬನ್ನಿ. ಟಿಸಿ ಕೊಡೋದು ತಡ ಮಾಡಿದರೆ ಅದಕ್ಕಾಗಿ ಕಾಯುತ್ತಾ ಮಗುವನ್ನು ಮನೆಯಲ್ಲಿ ಕೂರಿಸಬೇಡಿ. ಅದು ತಡವಾಯಿತು ಅನ್ನೋ ಕಾರಣಕ್ಕೆ ಸರ್ಕಾರಿ ಶಾಲೆ ದಾಖಲಾತಿ ನಿರಾಕರಿಸುವ ಹಾಗಿಲ್ಲ, ಅದೂ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ.